ಒಬ್ಬರ ಗಾಡಿ, ಇನ್ನೊಬ್ಬರ ಎಂಜಿನ್

ಕಳೆದ ತಿಂಗಳು ಒಂದು ಬೆಳಿಗ್ಗೆ ನಂಜನಗೂಡಿನ ನಮ್ಮ ಮನೆಗೆ ಹಳೆಯ ಪರಿಚಯದ ಹಿರಿಯರೊಬ್ಬರು ಬಂದರು. ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸಿದವರು. ಅವರ ಮಗ ಪ್ರೌಢಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಈಗ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಂಜಿನಿಯರ್ ಆಗಿದ್ದಾನೆ. ಇಟ್ಟ ಕಾಫಿ ಆರಿ ತಣ್ಣಗಾಗುತ್ತಿದ್ದರೂ ಅವರು ಲೋಟ ಮುಟ್ಟಲಿಲ್ಲ.

“ಮೇಷ್ಟ್ರೇ, ನಿಮ್ಮ ಶಿಷ್ಯನಿಗೆ ನೀವೇ ಒಂದು ಮಾತು ಹೇಳ್ಬೇಕು. ಅಲ್ಲೊಂದು ಹಳೇ ಕಾರು ತಕ್ಕೊಂಡವ್ನೆ. ಅದರ ಎಂಜಿನ್ ಕಿತ್ತುಹಾಕಿ ಬೇರೆ ಕಂಪನಿದು ಕೂರಿಸ್ತೀನಿ ಅಂತವ್ನೆ. ನಾನು ಹೇಳಿದ್ರೆ ಕೇಳಲ್ಲ.”

ಅವರು ಬೇಡವೆನ್ನುವುದಕ್ಕೆ ಕಾರಣ ನನಗೆ ಗೊತ್ತಿತ್ತು. ಅದನ್ನು ಮುಂದೆ ಹೇಳುತ್ತೇನೆ. ಆ ಸಂಜೆಯೇ ಮಗನೊಡನೆ ದೂರವಾಣಿಯಲ್ಲಿ ಮಾತನಾಡಿದೆ. ಅವನು ಕೊಂಡಿರುವುದು 2001ನೆಯ ಇಸವಿಯ ಟೊಯೋಟಾ ಎಂ.ಆರ್.2, ಇಬ್ಬರೇ ಕೂರುವ, ಮೇಲ್ಛಾವಣಿ ಮಡಚುವ ಪುಟ್ಟ ಕಾರು. ಸವೆದುಹೋದ ಅದರ 1.8 ಲೀಟರ್ ಎಂಜಿನ್ನಿನ ಸ್ಥಾನದಲ್ಲಿ ಹೊಂಡಾ ಕಂಪನಿಯ 2 ಲೀಟರ್ ಎಂಜಿನ್ ಇಡುವುದು ಅವನ ಯೋಜನೆ. ಹಳೆಯದು ಸುಮಾರು 138 ಅಶ್ವಶಕ್ತಿಯದಾದರೆ ಹೊಸದು 200. “ಸಾರ್, ಇದು ಇಲ್ಲಿ ಎಷ್ಟೋ ಜನ ಮಾಡಿರುವ ಕೆಲಸ. ಅಪ್ಪನಿಗೆ ನೀವು ಸ್ವಲ್ಪ ತಿಳಿಸಿ ಹೇಳಿ” ಎಂದ. ಹೀಗೆ ತಂದೆ ಮಗ ಇಬ್ಬರೂ ನನ್ನನ್ನೇ ವಕೀಲನನ್ನಾಗಿ ನೇಮಿಸಿಕೊಂಡರು. ಚರಿತ್ರೆಯ ಮೇಷ್ಟ್ರಿಗೆ ತಿಳಿದಿರುವ ದಾರಿ ಒಂದೇ: ಹಿಂದೆ ಯಾರು ಯಾರು ಹೀಗೆ ಮಾಡಿದ್ದರು, ಅವರಿಗೆ ಏನಾಯಿತು ಎಂದು ನೋಡುವುದು.

ಮೊದಲು ‘ನಡು ಎಂಜಿನ್’ ಎಂದರೇನೆಂದು ಹೇಳಬೇಕು. ನಮ್ಮ ಅಂಬಾಸಿಡರ್, ಫಿಯೆಟ್ ಕಾರುಗಳಲ್ಲಿ ಎಂಜಿನ್ ಮುಂದೆ ಇತ್ತು. ಹಳೆಯ ಫೋಕ್ಸ್‌ವ್ಯಾಗನ್ನಿನಲ್ಲಿ ಹಿಂದಿನ ಅಚ್ಚಿನಿಂದಾಚೆಗೆ, ಬಾಲದಲ್ಲಿತ್ತು. ಎರಡು ಅಚ್ಚುಗಳ ನಡುವೆ, ಸಾಮಾನ್ಯವಾಗಿ ಚಾಲಕನ ಬೆನ್ನ ಹಿಂದೆಯೇ, ಎಂಜಿನ್ ಇಟ್ಟರೆ ಅದು ನಡು ಎಂಜಿನ್ನಿನ ಕಾರು. ಇದರ ಲಾಭ ತಿಳಿಯಲು ಭೌತಶಾಸ್ತ್ರದ ಪುಸ್ತಕ ಬೇಕಿಲ್ಲ. ತಿರುಮಕೂಡಲಿನ ಕಡೆ ಕಬ್ಬು, ಭತ್ತ ಹೇರುತ್ತಿದ್ದ ಗಾಡಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಭಾರ ಹಿಂದಕ್ಕೆ ಹೆಚ್ಚಾದರೆ ನೊಗ ಎತ್ತಿನ ಕತ್ತಿನಿಂದ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಆದ್ದರಿಂದ ಕಂತೆ ಹಿಂದೆ ಮುಂದೆ ಸರಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿಯೇ ಹೊರಡುತ್ತಿದ್ದರು. ಇನ್ನೊಂದು ಸಂಗತಿ ತಿರುವಿನದು. ಕಾವಡಿಯ ಎರಡು ತುದಿಗೂ ಕೊಡ ಕಟ್ಟಿಕೊಂಡವನು ಥಟ್ಟನೆ ತಿರುಗಲಾರ. ಅದೇ ಭಾರವನ್ನು ಎದೆಗವುಚಿಕೊಂಡವನು ತಿರುಗಬಲ್ಲ. ಭಾರ ನಡುವಿನಲ್ಲಿದ್ದಷ್ಟೂ ಗಾಡಿ ಚುರುಕಾಗಿ ತಿರುಗುತ್ತದೆ. ಪಂದ್ಯದ ಕಾರುಗಳಿಗೆ ಬೇಕಾದದ್ದು ಇದೇ. ಆದರೆ ಸೀಟಿಗೂ ಹಿಂದಿನ ಅಚ್ಚಿಗೂ ನಡುವಿನ ಆ ಇಕ್ಕಟ್ಟಿನಲ್ಲಿ ಒಂದು ಅಂಗುಲವೂ ಹೆಚ್ಚಿರುವುದಿಲ್ಲ. ರೇಡಿಯೇಟರ್ ಮುಂದಿದ್ದರೆ ನೀರಿನ ಕೊಳವೆಗಳು ಇಡೀ ಕಾರಿನ ಉದ್ದಕ್ಕೂ ಓಡಬೇಕು. ಅಲ್ಲಿಗೆ ಪರರ ಎಂಜಿನ್ ಕೂರಿಸುವುದು ಸುಲಭದ ಮಾತಲ್ಲ.

ಆದರೂ ಚರಿತ್ರೆ ತೆರೆದು ನೋಡಿದರೆ, ಈ ಬಗೆಯ ಕಾರು ಬೆಳೆದುಬಂದದ್ದೇ ಪರರ ಎಂಜಿನ್ನಿನಿಂದ. 1946ರಲ್ಲಿ ಇಂಗ್ಲೆಂಡಿನ ಸರ್ಬಿಟನ್ ಎಂಬಲ್ಲಿ ಚಾರ್ಲ್ಸ್ ಕೂಪರ್, ಜಾನ್ ಕೂಪರ್ ಎಂಬ ತಂದೆ ಮಗ ಎರಡು ಹಳೆಯ ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಕತ್ತರಿಸಿ ಒಂದಕ್ಕೊಂದು ಜೋಡಿಸಿದರು. ಅದರೊಳಗೆ ಜೆ.ಎ.ಪಿ. ಕಂಪನಿಯ 500 ಸಿ.ಸಿ. ಮೋಟಾರ್‌ಸೈಕಲ್ ಎಂಜಿನ್ ಇಟ್ಟರು. ಅದು ಚಾಲಕನ ಹಿಂದೆ ಹೋದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ. ಮೋಟಾರ್‌ಸೈಕಲ್ಲಿನ ಚೈನು ಹಿಂದಿನ ಚಕ್ರಕ್ಕೆ ಹತ್ತಿರವಿರಬೇಕು ಎಂಬ ವ್ಯಾವಹಾರಿಕ ಕಾರಣದಿಂದ. 1955ರಲ್ಲಿ ಅದೇ ಕೂಪರರು ಕಟ್ಟಿದ ನಡು ಎಂಜಿನ್ನಿನ ಕ್ರೀಡಾಕಾರಿನಲ್ಲಿ ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ 1098 ಸಿ.ಸಿ. ಎಂಜಿನ್ ಇತ್ತು. ಅದರ ಮೂಲವನ್ನು ಕೇಳಿದರೆ ನಗು ಬರುತ್ತದೆ: ಬೆಂಕಿ ಆರಿಸುವ ನೀರಿನ ಪಂಪು! ಇಬ್ಬರು ಹೊತ್ತೊಯ್ಯುವಷ್ಟು ಹಗುರವಾದ ಪಂಪು ಬೇಕೆಂದು ಮಾಡಿದ ಎಂಜಿನ್, ಹಗುರವಾಗಿದ್ದ ಒಂದೇ ಕಾರಣಕ್ಕೆ ಪಂದ್ಯದ ಕಾರನ್ನೇರಿತು. 1958ರ ಜನವರಿಯಲ್ಲಿ ಅರ್ಜೆಂಟೀನಾದಲ್ಲಿ ಸ್ಟರ್ಲಿಂಗ್ ಮಾಸ್ ಗೆದ್ದದ್ದು ಕೂಪರ್ ಕಾರಿನಲ್ಲಿ, ಅದೇ ಕ್ಲೈಮ್ಯಾಕ್ಸ್ ಕಂಪನಿಯ ಇನ್ನೊಂದು ಎಂಜಿನ್ನಿನಿಂದ. 1959 ಮತ್ತು 1960ರಲ್ಲಿ ಜ್ಯಾಕ್ ಬ್ರ್ಯಾಬಮ್ ವಿಶ್ವ ಚಾಂಪಿಯನ್ ಆದದ್ದೂ ಹಾಗೆಯೇ. ಆಮೇಲೆ ಮುಂದೆ ಎಂಜಿನ್ ಇಟ್ಟ ಪಂದ್ಯದ ಕಾರುಗಳು ಬಹುಬೇಗ ಮೂಲೆ ಸೇರಿದವು.

ಇವೆಲ್ಲಕ್ಕಿಂತ ನನಗೆ ರುಚಿಸಿದ್ದು ಲೋಟಸ್ ಯುರೋಪಾದ ಕಥೆ. 1966ರಲ್ಲಿ ಕಾಲಿನ್ ಚಾಪ್‌ಮನ್ ಅಗ್ಗದ ಬೆಲೆಯ ನಡು ಎಂಜಿನ್ನಿನ ಕಾರು ಮಾಡಹೊರಟರು. ಫ್ರಾನ್ಸಿನ ರೆನೋ 16 ಎಂಬ ಸಂಸಾರಸ್ಥರ ಕಾರಿನ ಮೇಲೆ ಕಣ್ಣು ಬಿತ್ತು. ಅದು ಮುಂದಿನ ಚಕ್ರಗಳಿಂದ ಎಳೆಯುವ ಕಾರು. ಅದರಲ್ಲಿ ಗೇರ್‌ಬಾಕ್ಸ್ ಮುಂದೆ, ಎಂಜಿನ್ ಅದರ ಹಿಂದೆ. ಈ ಇಡೀ ಜೋಡಿಯನ್ನು ಹೊರತೆಗೆದು, ಹಿಂದುಮುಂದಾಗಿ ತಿರುಗಿಸಿ, ತಮ್ಮ ಕಾರಿನ ಹಿಂಭಾಗದಲ್ಲಿಟ್ಟರೆ ಎಂಜಿನ್ ತಾನಾಗಿಯೇ ನಡುವಿಗೆ ಬರುತ್ತದೆ! ಒಂದೇ ತೊಡಕು. ತಿರುಗಿಸಿಟ್ಟಾಗ ಚಕ್ರಗಳೂ ಹಿಮ್ಮುಖವಾಗಿ ಸುತ್ತುತ್ತವೆ; ಹಿಂದಕ್ಕೆ ಓಡಲು ನಾಲ್ಕು ಗೇರು, ಮುಂದಕ್ಕೆ ಒಂದೇ. ಗೇರ್‌ಬಾಕ್ಸಿನೊಳಗಿನ ಕ್ರೌನ್ ವೀಲನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಬದಲಾಯಿಸಿ ಅದನ್ನೂ ಸರಿಪಡಿಸಿದರು. ಐದು ವರ್ಷ ಕಳೆಯುವುದರೊಳಗೆ, 1971ರಲ್ಲಿ, ಆ ರೆನೋ ಎಂಜಿನ್ನನ್ನೂ ಬಿಟ್ಟು ಫೋರ್ಡ್ ಮೂಲದ ಎಂಜಿನ್ ಹಾಕಿಕೊಂಡರು. ಅದೇ ಮನೆತನದ ಎಲೀಸ್ ಎಂಬ ಕಾರು 1996ರಲ್ಲಿ ರೋವರ್ ಎಂಜಿನ್ನಿನೊಡನೆ ಹುಟ್ಟಿ, 2004ರಲ್ಲಿ ಅಮೆರಿಕಕ್ಕೆ ಹೋಗುವಾಗ ಟೊಯೋಟಾ ಎಂಜಿನ್ ಧರಿಸಿತ್ತು. ಕಾರ್ಖಾನೆ ಮಾಡಿದರೆ ‘ಹೊಸ ಮಾದರಿ’. ಗ್ಯಾರೇಜಿನವನು ಮಾಡಿದರೆ ‘ಕಲಬೆರಕೆ’. ಈ ಭೇದವೇಕೆ ಎಂದು ಇದನ್ನೆಲ್ಲ ಓದುವಾಗ ನನಗೂ ಅನ್ನಿಸಿತು.

ಇನ್ನು ನಮ್ಮ ದೇಶಕ್ಕೆ ಬರೋಣ. 1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಹೊರತಂದ ಕಾಂಟೆಸಾ ಕಾರಿನ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್, ಹೃದಯ ಮಾತ್ರ ಅಂಬಾಸಿಡರಿನದು. ದೊಡ್ಡ ಮೈಗೆ ಸಣ್ಣ ಜೀವ, ಏದುಸಿರು ಬಿಡುತ್ತಿತ್ತು. ಕೆಲವು ವರ್ಷಗಳಲ್ಲಿ ಜಪಾನಿನ ಇಸುಜು ಎಂಜಿನ್ ಬಂತು, ಅದೇ ಕಾರು ಬೇರೆಯೇ ಆಯಿತು. 1990ರ ದಶಕದಲ್ಲಿ ಅಂಬಾಸಿಡರಿಗೂ ಅದೇ ಇಸುಜು ಎಂಜಿನ್ ದೊರಕಿತು. 1985ರ ಪ್ರೀಮಿಯರ್ 118 ಎನ್‌ಇ ಫಿಯೆಟ್ ದೇಹದ, ನಿಸಾನ್ ಎಂಜಿನ್ನಿನ ಕಾರು. ಡೀಸೆಲ್ ಬುಲೆಟ್ ನೆನಪಿರುವವರು ಇರಬಹುದು. ಎನ್‌ಫೀಲ್ಡಿನ ಆ ಮೋಟಾರ್‌ಸೈಕಲ್ಲಿಗೆ ಗ್ರೀವ್ಸ್ ಕಂಪನಿಯ ಲೊಂಬಾರ್ಡಿನಿ ಎಂಜಿನ್. ನಮ್ಮ ಕಡೆ ಯಾವ ವ್ಯಾನನ್ನು ಕಂಡರೂ ‘ಮೆಟಡಾರ್’ ಎನ್ನುವ ರೂಢಿಯಿತ್ತಲ್ಲ, ಆ ಮೆಟಡಾರಿನ ಜಾತಕವಂತೂ ಇನ್ನೂ ಸೊಗಸು. 1949ರಲ್ಲಿ ಜರ್ಮನಿಯ ಟೆಂಪೋ ಕಂಪನಿ ಅದನ್ನು ಮಾಡಿದಾಗ ಹಾಕಿದ್ದು ಫೋಕ್ಸ್‌ವ್ಯಾಗನ್ ಎಂಜಿನ್. 1952ರಲ್ಲಿ ಫೋಕ್ಸ್‌ವ್ಯಾಗನ್ ಇನ್ನು ಕೊಡುವುದಿಲ್ಲವೆಂದಿತು. ಕಂಪನಿ ಬೇರೆ ಎಂಜಿನ್ ಹುಡುಕಿಕೊಂಡು ಕೊನೆಗೆ ಇಂಗ್ಲೆಂಡಿನ ಆಸ್ಟಿನ್ ಬಳಿ ಹೋಯಿತು. ಪುಣೆಯ ಬಜಾಜ್ ಟೆಂಪೋದವರ ಕೈಯಲ್ಲಿ ಅದು ಮುಂದೆ ಮರ್ಸಿಡಿಸ್ ಪರವಾನಗಿಯ ಡೀಸೆಲ್ ಎಂಜಿನ್ ಪಡೆಯಿತು. ಎಂಜಿನ್ ಪೆಟ್ಟಿಗೆ ಚಾಲಕನ ಪಕ್ಕದಲ್ಲೇ ಇರುತ್ತಿದ್ದುದರಿಂದ, ಮುಂದೆ ಕುಳಿತವರ ಕಾಲು ಬೆಂದು ಹೋಗುತ್ತಿತ್ತು. ಮಕ್ಕಳನ್ನು ಬೇಲೂರು, ಹಳೇಬೀಡು ಪ್ರವಾಸಕ್ಕೆ ಕರೆದೊಯ್ಯುವಾಗ ಮುಖ್ಯೋಪಾಧ್ಯಾಯರಿಗೆ ಮಾತ್ರ ಮೀಸಲಾಗಿದ್ದ ಗೌರವದ ಆಸನ ಅದು!

ನಿಜವಾದ ಕ್ರೀಡಾಕಾರಿನ ಮಾತು ಬಂದರೆ, ನಮ್ಮ ರಾಜ್ಯಕ್ಕೂ ಒಂದು ಅಧ್ಯಾಯವಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ‘ಸ್ಟಾರ್ಮ್’ ಎಂಬ ಇಬ್ಬರು ಕೂರುವ, ಛಾವಣಿ ತೆರೆಯುವ ಕಾರನ್ನು ಹೊರತಂದಿತು. ವಿನ್ಯಾಸ ಫ್ರೆಂಚರದು, ಎಂಜಿನ್ ರೆನೋ ಕಂಪನಿಯ 1149 ಸಿ.ಸಿ.ಯದು. ಆದರೆ ಎಂಜಿನ್ ಇದ್ದದ್ದು ಮುಂದೆ. ಬೆರಳೆಣಿಕೆಯ ಜನ ಕೊಂಡರು, ಕಾರು ಮರೆಯಾಯಿತು. ಎಂಜಿನ್ ಬೆನ್ನ ಹಿಂದಿರುವ ಕಾರನ್ನು ನಮ್ಮ ದಕ್ಷಿಣದ ಹುಡುಗರಿಗೆ ಮೊದಲು ಕೈಗೆಟುಕಿಸಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. 1980ರ ದಶಕದ ಕೊನೆಗೆ ಅವರು ಕಟ್ಟಿದ ‘ಫಾರ್ಮುಲಾ ಮಾರುತಿ’ ಒಬ್ಬನೇ ಕೂರುವ ಪಂದ್ಯದ ಕಾರು. ಅದರ ಎಂಜಿನ್ ಮಾರುತಿ 800ರ ಆ ಪುಟ್ಟ 796 ಸಿ.ಸಿ.ಯದು. ಅಂಗಡಿಗೆ ತರಕಾರಿಗೆ ಹೋಗುವ ಕಾರಿನ ಎಂಜಿನ್ನೇ ಶೋಲಾವರಂ ಪಂದ್ಯದ ಮೈದಾನದಲ್ಲಿ ಗರ್ಜಿಸಿತು. ಕರಿವರ್ಧನ್ 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. 2012ರಲ್ಲಿ ಪ್ರದರ್ಶನಗೊಂಡ ಡಿಸಿ ಅವಂತಿ ಕೊನೆಗೆ ಮಾರಾಟಕ್ಕೆ ಬಂದದ್ದೂ ನಡುವಿನಲ್ಲಿ ರೆನೋ ಎಂಜಿನ್ ಇಟ್ಟುಕೊಂಡೇ.

ಇಷ್ಟನ್ನೂ ಮಗನಿಗೆ ಹೇಳಿದಾಗ ಅವನು ಗೆದ್ದೆನೆಂಬಂತೆ ನಕ್ಕ. ಆಗ ನಾನು, “ನಿಮ್ಮ ಅಪ್ಪನ ಅಂಬಾಸಿಡರ್ ಕಥೆ ನಿನಗೆ ಪೂರ್ತಿ ಗೊತ್ತೇನಪ್ಪಾ?” ಎಂದು ಕೇಳಿದೆ. ಗೊತ್ತಿರಲಿಲ್ಲ. ಆಗ ಅವನು ಒಂಬತ್ತನೆಯ ತರಗತಿಯಲ್ಲಿದ್ದ. ಮನೆಯಲ್ಲಿ ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

1980ರ ದಶಕದಲ್ಲಿ ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡು ಬಾಡಿಗೆ ಓಡಿಸುವುದು ನಷ್ಟದ ಕೆಲಸವಾಗಿತ್ತು. ಡೀಸೆಲ್ ಅಗ್ಗ. ಕಂಪನಿಯೇ ಡೀಸೆಲ್ ಅಂಬಾಸಿಡರ್ ತಂದಿತ್ತಾದರೂ ಹೊಸ ಕಾರಿಗೆ ಹಣವೆಲ್ಲಿಂದ ಬರಬೇಕು? ಹಾಗಾಗಿ ಹಳೆಯ ಮೆಟಡಾರಿನಿಂದ ಇಳಿಸಿದ ಡೀಸೆಲ್ ಎಂಜಿನ್ ಅಂಬಾಸಿಡರಿಗೆ ಏರಿಸುವ ವಿದ್ಯೆ ಊರೂರಿನಲ್ಲಿ ಹಬ್ಬಿತು. ಇವರೂ 1987ರಲ್ಲಿ ಹೆಂಡತಿಯ ಬಳೆ ಅಡವಿಟ್ಟು ಅದನ್ನೇ ಮಾಡಿಸಿದರು. ನಾನು ಶಾಲೆ ಬಿಟ್ಟು ಬರುವಾಗ ಆ ಗ್ಯಾರೇಜಿನ ಮುಂದೆ ನಿಂತು ನೋಡುತ್ತಿದ್ದೆ. ಬೇವಿನ ಮರದ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ ಹಳೆಯ ಎಂಜಿನ್ ಮೇಲೆತ್ತಿದ್ದರು. ಹೊಸದಕ್ಕೂ ಅಂಬಾಸಿಡರ್ ಗೇರ್‌ಬಾಕ್ಸಿಗೂ ಬೋಲ್ಟಿನ ರಂಧ್ರಗಳು ಕೂಡುವುದಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು, ಲೇತಿನಲ್ಲಿ ಕಡೆಸಿದ್ದು. ಫ್ಲೈವೀಲು, ಕ್ಲಚ್ಚು ಹೊಂದಿಸಲು ಮೂರು ದಿನ. ಎಂಜಿನ್ ಕೂರುವ ಕೈಗಳನ್ನು ಕತ್ತರಿಸಿ ಬೆಸುಗೆ ಹಾಕಿದರು. ಮುಂದಿನ ಟಾರ್ಷನ್ ಬಾರುಗಳು ಹೊಸ ಭಾರಕ್ಕೆ ಕುಸಿದಾಗ ಅವನ್ನು ಇನ್ನಷ್ಟು ಬಿಗಿದರು. ಆ ಮೇಸ್ತ್ರಿ ಏಳನೆಯ ತರಗತಿಯ ಮೇಲೆ ಓದಿದವನಲ್ಲ. ಅವನ ಕೈಚಳಕಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಕ್ರೌನ್ ವೀಲ್ ತಿರುಗಿಸಿದ ಲೋಟಸ್ ಎಂಜಿನಿಯರುಗಳಿಗಿಂತ ಅವನೇನೂ ಕಡಿಮೆಯವನಲ್ಲ.

ಆದರೆ ಬ್ರೇಕನ್ನು ಯಾರೂ ಮುಟ್ಟಲಿಲ್ಲ. ಹಳೆಯ ಡ್ರಮ್ ಬ್ರೇಕು, ಹಳೆಯ ಎಂಜಿನ್ನಿನ ತೂಕಕ್ಕೆ ಲೆಕ್ಕ ಹಾಕಿದ್ದು. ಆರ್.ಸಿ. ಪುಸ್ತಕವನ್ನೂ ಯಾರೂ ಮುಟ್ಟಲಿಲ್ಲ. ಅದರಲ್ಲಿ ಹಳೆಯ ಎಂಜಿನ್ ನಂಬರೇ ಉಳಿಯಿತು.

ಐದು ವರ್ಷ ಕಾರು ಚೆನ್ನಾಗಿಯೇ ದುಡಿಯಿತು. ಅಡವಿಟ್ಟ ಬಳೆ ಮನೆಗೆ ಬಂತು. ಮದುವೆ ದಿಬ್ಬಣ, ಸುತ್ತೂರು ಜಾತ್ರೆ, ಆಸ್ಪತ್ರೆ, ಎಲ್ಲಕ್ಕೂ ಅದೇ ಕಾರು. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವುದು 1989ರಿಂದ ಆರಂಭವಾಗಿತ್ತಷ್ಟೆ. 1992ರ ಮೇಳದಲ್ಲಿ ಇವರು ಹಗಲು ರಾತ್ರಿ ನಂಜನಗೂಡಿಗೂ ನರಸೀಪುರಕ್ಕೂ ಜನರನ್ನು ಸಾಗಿಸಿದರು. ಒಂದು ರಾತ್ರಿ ಮರಳುವಾಗ ಇಳಿಜಾರಿನಲ್ಲಿ ಕಬ್ಬಿನ ಗಾಡಿಯೊಂದು ದೀಪವಿಲ್ಲದೆ ನಿಂತಿತ್ತು. ಬ್ರೇಕು ಒತ್ತಿದರು, ಕಾರು ನಿಲ್ಲಲಿಲ್ಲ. ಗಾಡಿಯನ್ನೂ ಎತ್ತುಗಳನ್ನೂ ಉಳಿಸಲು ಪಕ್ಕಕ್ಕೆ ಎಳೆದು ಹುಣಿಸೆ ಮರಕ್ಕೆ ಹೊಡೆದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಇವರ ಎಡ ಮಂಡಿ ಪುಡಿಯಾಯಿತು. ಹಿಂದೆ ಕುಳಿತಿದ್ದ ಮುದುಕಿಯೊಬ್ಬರ ಭುಜ ಮುರಿಯಿತು. ವಿಮೆಯವರು ಬಂದು ಪುಸ್ತಕದ ನಂಬರನ್ನೂ ಎಂಜಿನ್ನಿನ ನಂಬರನ್ನೂ ಹೋಲಿಸಿ ನೋಡಿ, ಈ ಕಾರು ನಾವು ವಿಮೆ ಮಾಡಿದ ಕಾರೇ ಅಲ್ಲ ಎಂದುಬಿಟ್ಟರು. ಮುದುಕಿಯ ಚಿಕಿತ್ಸೆಗೆಂದು ಊರ ಹೊರಗಿನ ಅರ್ಧ ಎಕರೆ ಮಾರಿದರು. ತಮ್ಮ ಮಂಡಿಗೆ ಹಣ ಉಳಿಯಲಿಲ್ಲ, ಇಂದಿಗೂ ಕುಂಟುತ್ತಾರೆ. ಕಾರಿನ ಮೈ ಗುಜರಿಗೆ ಹೋಯಿತು. ಮೆಟಡಾರಿನ ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಕಪಿಲೆಯ ದಡದ ತೋಟದವರೊಬ್ಬರು ಕೊಂಡು ಪಂಪಿಗೆ ಜೋಡಿಸಿದರು. ಹಲವು ಬೇಸಿಗೆ ಅದು ಬಾಳೆಗೆ ನೀರೆತ್ತಿತು.

ಕಾನೂನಿನ ಮಾತನ್ನೂ ಸ್ವಲ್ಪ ಹೇಳಬೇಕು. ವಾಹನದಲ್ಲಿ ಬದಲಾವಣೆ ಮಾಡಿದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮ 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇತ್ತು. 1988ರ ಕಾಯ್ದೆಯ 52ನೆಯ ಕಲಂ ಅದನ್ನು ಮುಂದುವರಿಸಿತು. 2000ದ ತಿದ್ದುಪಡಿ ಇನ್ನೂ ಬಿಗಿಯಾಯಿತು: ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು, ಸಿ.ಎನ್.ಜಿ., ಎಲ್.ಪಿ.ಜಿ., ಬ್ಯಾಟರಿಯಂತಹ ಬೇರೆ ಇಂಧನಕ್ಕೆ ಪರಿವರ್ತಿಸುವ ಕಿಟ್‌ಗಳಿಗೆ ಷರತ್ತುಗಳೊಡನೆ ವಿನಾಯಿತಿ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಬಡ ಚಾಲಕನ ದೃಷ್ಟಿಯಿಂದ ಇದು ಕಠಿಣವೆಂದು ನಾನು ಬಹುಕಾಲ ವಾದಿಸುತ್ತಿದ್ದೆ. ಆ ಮುದುಕಿಯ ದೃಷ್ಟಿಯಿಂದ ನೋಡಿದರೆ ವಾದ ನಾಲಿಗೆಯಲ್ಲೇ ನಿಲ್ಲುತ್ತದೆ. ಕಾರ್ಖಾನೆಗೂ ಗ್ಯಾರೇಜಿಗೂ ಇರುವ ಭೇದ ಜಾಣ್ಮೆಯದಲ್ಲ. ಎಂಜಿನ್ ಬದಲಿಸಿದ ಕಾರ್ಖಾನೆಯವರು ಬ್ರೇಕು, ಸ್ಪ್ರಿಂಗು, ಚಕ್ರ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿ, ಓಡಿಸಿ ಪರೀಕ್ಷಿಸುತ್ತಾರೆ. ನಮ್ಮ ಮೇಸ್ತ್ರಿಗೆ ಆ ಕೆಲಸಕ್ಕೆ ಕೂಲಿ ಕೊಡುವವರೇ ಇರಲಿಲ್ಲ. ಅವನ ಕೆಲಸವನ್ನು ನೋಡಿ, ಬ್ರೇಕು ಸಾಲದು ಎಂದು ಹೇಳಬಲ್ಲ ಇನ್ನೊಬ್ಬ ತಿಳಿದವನೂ ಇರಲಿಲ್ಲ.

ಇದನ್ನು ಕೇಳಿ ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕ್ಯಾಲಿಫೋರ್ನಿಯದ ಪದ್ಧತಿಯನ್ನು ವಿವರಿಸಿದ. ಅಲ್ಲಿ ಬೇರೆ ಎಂಜಿನ್ ಹಾಕಬಹುದು. ಆದರೆ ಅದು ಕಾರಿನ ಇಸವಿಯದೋ ಅದಕ್ಕಿಂತ ಹೊಸದೋ ಆಗಿರಬೇಕು. ಹೊಗೆ ಶುದ್ಧಮಾಡುವ ಆ ಎಂಜಿನ್ನಿನ ಎಲ್ಲ ಅಂಗಗಳೂ ಅದರೊಡನೆ ಬರಬೇಕು. ಎಲ್ಲ ಮುಗಿದ ಮೇಲೆ ಸರ್ಕಾರ ನೇಮಿಸಿದ ‘ರೆಫರಿ’ಯ ಬಳಿ ಕಾರನ್ನು ಒಯ್ಯಬೇಕು. ಅವನು ಪರೀಕ್ಷಿಸಿ ಒಪ್ಪಿದರೆ ಬಾಗಿಲ ಚೌಕಟ್ಟಿನ ಮೇಲೆ, ಯಾವ ಎಂಜಿನ್ ಇದೆಯೆಂದು ಬರೆದ ಚೀಟಿ ಅಂಟಿಸುತ್ತಾನೆ. “ಹೊಗೆಯನ್ನು ರೆಫರಿ ನೋಡುತ್ತಾನೆ ಸಾರ್. ಬ್ರೇಕನ್ನು ನಾನೇ ನೋಡಬೇಕು” ಎಂದ. ಎಂಜಿನ್ನಿಗೆ ಕೊಡಬೇಕೆಂದಿದ್ದ ಮುಂಗಡವನ್ನು ತಡೆದು, ಮೊದಲು ದೊಡ್ಡ ಡಿಸ್ಕ್ ಬ್ರೇಕುಗಳನ್ನು ತರಿಸುತ್ತೇನೆಂದ.

ಮರುದಿನ ಬೆಳಿಗ್ಗೆ ನಾನೇ ಹಿರಿಯರ ಮನೆಗೆ ಹೋದೆ. ಪಡಸಾಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕುಳಿತಿದ್ದರು. ಕೂಪರ್, ಲೋಟಸ್ ಕಥೆಗಳಿಗೆ ಅವರು ಅಷ್ಟಾಗಿ ಕಿವಿಗೊಡಲಿಲ್ಲ. ಫೈರ್ ಪಂಪಿನ ಎಂಜಿನ್ ಎಂದಾಗ ಮಾತ್ರ ಒಮ್ಮೆ ನಕ್ಕರು. ರೆಫರಿಯ ಮಾತು ಬಂದಾಗ ಎಣ್ಣೆಯ ಕೈ ನಿಂತಿತು.

“ಆ ಚೀಟಿನಾ ಬಾಗಿಲ ಮೇಲೇ ಅಂಟಿಸ್ತಾರಾ ಮೇಷ್ಟ್ರೇ? ನಂಬರೂ ಬರೀತಾರಾ?”

ಎಂಜಿನ್ನಿನ ವಿವರ ಬರೆಯುತ್ತಾರಂತೆ ಎಂದೆ.

“ಹಂಗಾರೆ ಅದು ಅಂಟಿಸಿದ ಮೇಲೆ ಒಂದು ಫೋಟೊ ಕಳಿಸಕ್ಕೆ ಹೇಳಿ. ಅಲ್ಲಿಗಂಟ ಅವಳನ್ನ, ಮಕ್ಕಳನ್ನ ಆ ಕಾರಲ್ಲಿ ಕೂರಿಸ್ಬ್ಯಾಡ ಅನ್ನಿ” ಎಂದು ಹೇಳಿ, ಒಳಗೆ ಕಾಫಿಗೆ ಕೂಗಿದರು.